ಸಂಕ ದಾಟುವ ಕ್ರಮ

೭-೩-೧೯೬೩, ಗುರುವಾರ. ದರ್ಬೆ, ಅಕ್ಕನ ಮನೆ.

ಜಾಲ್ಸೂರಿನಿಂದ ಬಂದ ಮೇಲೆ ಊಟ ಸೇರಲಿಲ್ಲ. ನನ್ನ ಕೈಕೆಳಗಿನ ಮೆಕ್ಯಾನಿಕ್ ಮೇದಪ್ಪನ ತಾಯಿ ನೀಲಾವತಿಯವರು ಕೇಳಿದ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ವಿಮಾನದ ಇಂಜಿನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕೇ ಪರೀಕ್ಷೆಯ ಮೊದಲ ಹಾರಾಟದಲ್ಲಿ ಕೂರಬೇಕು. ನಮ್ಮ ಹ್ಯಾಂಗರಿಗೆ ಈ ನಿಯಮ ತಂದವನು ನಾನು. ಊರಿನಲ್ಲಿ ಮಳೆಗಾಲಕ್ಕೆ ಮೊದಲು ತೋಡಿಗೆ ಸಂಕ, ಅಡಿಕೆಮರದ ಕಾಲುಸೇತುವೆ, ಕಟ್ಟಿದವನೇ ಮೊದಲು ದಾಟುವುದನ್ನು ನೋಡಿ ಕಲಿತದ್ದು. ಒಂಬತ್ತು ವರ್ಷ ಒಂದು ನಟ್ಟೂ ಸಡಿಲ ಉಳಿಯಲಿಲ್ಲ. ಮೇದಪ್ಪನಂತೂ ಬಿಚ್ಚಿದ ಸ್ಕ್ರೂಗಳನ್ನು ಒಗೆದ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಳ್ಳುತ್ತಿದ್ದ. ನವೆಂಬರಿನಲ್ಲಿ ಇಂಥದೇ ಪರೀಕ್ಷೆಯ ಹಾರಾಟದಲ್ಲಿ ಅವನಿದ್ದ ವಿಮಾನ ಬಿತ್ತು; ಯಾರೂ ಉಳಿಯಲಿಲ್ಲ. ಅವನ ಕೆಲಸದಲ್ಲಿ ತಪ್ಪಿಲ್ಲವೆಂದೇ ವಿಚಾರಣೆಯಲ್ಲಿ ಬಂತು. ಒಡೆದದ್ದು ಪೆಟ್ರೋಲಿನ ಹೊಸ ಕೊಳವೆ. ಒಳಗಿನ ಬಿರುಕು ಯಾರ ಕಣ್ಣಿಗೂ ಕಾಣುವಂಥದ್ದಲ್ಲ.

ಇಷ್ಟನ್ನು ಹೇಳಲೆಂದೇ ಹೋಗಿದ್ದೆ. ಅವರು ಅಳಲಿಲ್ಲ. ಬೆಲ್ಲ, ನೀರು ತಂದಿಟ್ಟು ಎದುರು ಕೂತರು.

“ಅವ ಕಾಗದದಲ್ಲಿ ಬರೆದಿದ್ದ, ನಮ್ಮ ಸಂಕದ ಕ್ರಮ ಅಲ್ಲಿಯೂ ಉಂಟು ಅಂತ. ನಮ್ಮಲ್ಲಿ ಕಟ್ಟಿದವನ ಹಿಂದೆಯೇ ಕಟ್ಟಿಸಿದ ಯಜಮಾನನೂ ದಾಟುದು. ನೀವು ಅವನ ಹಿಂದೆ ಕೂತಿರಲಿಲ್ಲವಾ?”

ಹೌದು, ನಮ್ಮಪ್ಪನೂ ದಾಟುತ್ತಿದ್ದರು, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು. ಅದನ್ನು ಹೇಗೆ ಮರೆತೆನೋ. ಇಂಜಿನು ಸರಿಯಿದೆಯೆಂದು ಸಹಿ ಹಾಕಿದವನು ನಾನು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹತ್ತಲಿಲ್ಲ.

“ಜಾಗ ಇರಲಿಲ್ಲಮ್ಮ” ಎಂದೆ.

ನಂಬಿ ತಲೆಯಾಡಿಸಿದರು. ಬಸ್ಸಿನವರೆಗೆ ಬಂದು ಬೀಳ್ಕೊಟ್ಟರು.

ಆ ವಿಮಾನದಲ್ಲಿ ಇಪ್ಪತ್ತೆಂಟು ಸೀಟು. ಅಂದು ಅದರಲ್ಲಿ ಹತ್ತಿ ಹೋದವರು ಮೂವರು.