ಮುಳ್ಳಿನ ಗಾಯ ವಾಸಿಯಾದ ಮೇಲೆ

ಬಿಳಿಚೋಡು
೧೮ ಜನವರಿ ೨೦೨೫, ಶನಿವಾರ

ನಮ್ಮ ಯಜಮಾನರಿಗೆ ನಿಮ್ಮ ಅಂಜಿನಮ್ಮನ ನಮಸ್ಕಾರ.

ಹೆಂಗಿದ್ದೀರಿ? ನ್ಯಾಮತಿ ಕಡೆ ಚಳಿ ಹೆಚ್ಚಂತೆ. ಗದ್ದೆಯ ಥಂಡಿಯಲ್ಲಿ ಬರೀ ನೆಲದ ಮೇಲೆ ಮಲಗಬೇಡಿ. ಕಂಬಳಿ ಕೊಟ್ಟಿದ್ದು ನಿಮಗೆ ಹೊದೆಯಲಿಕ್ಕೆ, ಕುರಿಮರಿಗಳಿಗೆ ಹೊದಿಸಲಿಕ್ಕಲ್ಲ. ಹೇಳಿದರೆ ನೀವೆಲ್ಲಿ ಕೇಳುತ್ತೀರಿ! ಕೆಳಗಿನ ಓಣಿಯ ವೆಂಕಟೇಶ್ ಮಂದೆಗೆ ರಾಗಿಹಿಟ್ಟು ತರುತ್ತಿದ್ದಾನಲ್ಲ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ನೀವು ನಾಲ್ಕು ಕುರಿಗಾರರ ನಡುವೆ ನಿಂತು "ಏನೇ, ಜೋರಾಗಿ ಹೇಳೇ" ಅನ್ನುತ್ತೀರಿ. ಜೋರಾಗಿ ಹೇಳುವ ಮಾತಲ್ಲ ಇದು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನೀವು ಬಿಟ್ಟುಹೋದ ಕುಂಟು ಮೇಕೆಯೊಂದೇ ನನಗೆ ಜೊತೆ. ಅದಕ್ಕೂ ನನ್ನ ಮೇಲೆ ಸಿಟ್ಟು. ಒಬ್ಬಳಿಗೆಂದು ಮುದ್ದೆ ತಿರುವಲು ಬೇಸರವಾಗಿ ಎಷ್ಟೋ ದಿನ ಮಂಡಕ್ಕಿ ತಿಂದು ಮಲಗುತ್ತೇನೆ. ಚನ್ನಗಿರಿ ಹಾಸ್ಟೆಲಿನಲ್ಲಿರುವ ಮಗಳು ಚೈತ್ರಾಗೆ ಪರೀಕ್ಷೆ ಹತ್ತಿರ ಬಂದಿದೆ. ಅವಳಿಗೆ ನನ್ನ ಎದೆನೋವಿನ ಸುದ್ದಿ ಹೇಳಿಲ್ಲ, ನೀವೂ ಬಾಯಿ ಬಿಡಬೇಡಿ.

ನೋವು ಹಾಗೇ ಇದೆ. ಕೊಡ ಹೊತ್ತು ದಿಬ್ಬ ಹತ್ತಿದರೆ ಹಿಡಿದುಕೊಳ್ಳುತ್ತದೆ, ಕೂತರೆ ಬಿಡುತ್ತದೆ. ಹೃದಯಕ್ಕೆ ರಕ್ತ ಸಾಲದೆ ಬರುವ ನೋವು ಎಂದು ಜಗಳೂರಿನ ಡಾಕ್ಟರಮ್ಮ ನಿಮ್ಮೆದುರೇ ಹೇಳಿದ್ದರಲ್ಲ. ರಕ್ತದಲ್ಲಿ ಉರಿಯೂತದ ಅಂಶ ಏರಿದೆ ಅಂತಲೂ ಹೇಳಿದ್ದರು. "ನಿನ್ನ ಕಾಲಿನ ಮುಳ್ಳಿನ ಗಾಯ ಕೀವಾಗೈತೆ, ಅದರಿಂದಲೂ ಏರಿರಬಹುದು. ವಾಸಿಯಾದ ಮೇಲೆ ಇನ್ನೊಂದ್ಸಲ ನೋಡಾಣ" ಅಂದಿದ್ದೇ ತಡ, ನೀವು "ನೋಡ್ದೇನೇ, ಎಲ್ಲಾ ಆ ಜಾಲಿಮುಳ್ಳಿನ ಕಾಟ" ಎಂದು ನಕ್ಕು ಮಂದೆ ಹೊಡೆದುಕೊಂಡು ಹೊರಟೇಬಿಟ್ಟಿರಿ. ನಾನೂ ನಕ್ಕೇ ಕಳಿಸಿದೆ. ನೀವು ಮರೆಯಾದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಈಗ ಗಾಯ ಪೂರ್ತಿ ಒಣಗಿದೆ. ಗುರುವಾರ ಬಸ್ಸಿಗೆ ಜಗಳೂರಿಗೆ ಹೋಗಿ ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಅದನ್ನು ಆಮೇಲೆ ಬರೆಯುತ್ತೇನೆ. ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ದಾರಿ ನೋಡುತ್ತಿರುವ
ಅಂಜಿನಮ್ಮ

ವಿ.ಸೂ.: ವೆಂಕಟೇಶ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಗಾಯ ವಾಸಿಯಾದರೂ ರಕ್ತದ ಉರಿಯೂತ ಇಳಿದಿಲ್ಲ ರೀ, ಇನ್ನೂ ಏರಿದೆ. ಎದೆನೋವು ಇರುವವರಿಗೆ ಹೀಗಾದರೆ ಹಾರ್ಟ್ ಅಟ್ಯಾಕಿನ ಅಪಾಯ ಜಾಸ್ತಿಯಂತೆ. ಸೋಮವಾರ ದಾವಣಗೆರೆಗೆ ಹೋಗಿ ಆಂಜಿಯೋಗ್ರಾಂ ಮಾಡಿಸಬೇಕು. ಅಲ್ಲಿಯವರೆಗೆ ರಾತ್ರಿ ಒಬ್ಬಳೇ ಇರಕೂಡದು ಅಂದರು. ನನಗೆ ತುಂಬಾ ಹೆದರಿಕೆಯಾಗಿದೆ. ಮಂದೆಯನ್ನು ವೆಂಕಟೇಶ್ ಕಾಯುತ್ತಾನೆ, ನೀವು ಅವನ ಬೈಕ್ ತೆಗೆದುಕೊಂಡು ಇವತ್ತೇ ಬನ್ನಿ. "ಮನೇಲಿ ಯಾರಿದಾರಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು. "ನಮ್ಮ ಯಜಮಾನ್ರು ಅದಾರೆ" ಎಂದು ಹೇಳಿ ಬಂದಿದ್ದೇನೆ.