ಅಕ್ಟೋಬರ್ ಬೇಡ, ಜೂನ್‌ನಲ್ಲಿ ಬಾ

ಸೆಗೆಡ್, ಹಂಗೇರಿ
ಏಪ್ರಿಲ್ ೧೯

ಪ್ರೀತಿಯ ಯಾನ್,

ನಿನ್ನ ಪತ್ರ ಬಂತು. ಓದಿದೆ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಅಕ್ಟೋಬರಿನಲ್ಲಿ ವಿಯೆನ್ನಾದ ಸಮ್ಮೇಳನಕ್ಕೆ ಬರುತ್ತೀಯಂತೆ, ಅದು ಮುಗಿದ ಮೇಲೆ ರೈಲು ಹತ್ತಿ ಒಂದು ದಿನದ ಮಟ್ಟಿಗೆ ನನ್ನನ್ನು ನೋಡಿಕೊಂಡು ಹೋಗುತ್ತೀಯಂತೆ. ಇಪ್ಪತ್ತು ವರ್ಷದ ಮೇಲೆ ಒಂದು ದಿನ! ಲಾಂಜೌನಂಥ ದೊಡ್ಡ ಊರಿನ ಆಸ್ಪತ್ರೆಯಲ್ಲಿ ವಿಭಾಗದ ಮುಖ್ಯಸ್ಥೆಯಾಗಿ ಕೂತವಳಿಗೆ ಬಿಡುವು ಎಲ್ಲಿಂದ ಬರಬೇಕು, ಗೊತ್ತು. ಆದರೂ ಹಳೆಯ ಗುರುವಿನ ಅಧಿಕಾರದಿಂದ ಹೇಳುತ್ತಿದ್ದೇನೆ. ಅಕ್ಟೋಬರ್ ಬೇಡ. ಜೂನ್‌ನಲ್ಲಿ ಬಾ.

ಯಾಕೆ ಅಂತ ಕೇಳುತ್ತೀ. ಜೂನ್‌ನಲ್ಲಿ ನಮ್ಮ ಟಿಸಾ ನದಿ ಹೂ ಬಿಡುತ್ತದೆ. ಉದ್ದ ಬಾಲದ ಆ ಹುಳುಗಳು ಸಂಜೆ ಹೊತ್ತು ನೀರಿನಿಂದ ಹಿಂಡುಗಟ್ಟಿ ಎದ್ದು, ಕತ್ತಲಾಗುವಷ್ಟರಲ್ಲಿ ಕುಣಿದು ಮುಗಿಸುತ್ತವೆ. ನೀನಿದ್ದ ವರ್ಷವೂ ಎದ್ದಿದ್ದವು. ಸ್ಲೈಡ್ ತಯಾರಿಸುವ, ನಿಮಗೆಲ್ಲ ಚಿಕ್ಕಮ್ಮನಂತಿದ್ದ ನಮ್ಮ ಯುಟ್ಸಿ ನೇನಿ ಬಾಗಿಲಲ್ಲಿ ನಿಂತು, "ಬಾರೇ ಮಗಳೇ, ನದಿ ಹೂ ಬಿಟ್ಟಿದೆ, ಆ ಹಾಳು ಗಾಜಿನ ಚೂರು ಎಲ್ಲೂ ಓಡಿಹೋಗಲ್ಲ" ಎಂದು ಕೂಗಿದಳು. ನೀನು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. "ಇನ್ನೊಂದು ತಟ್ಟೆ ಸ್ಲೈಡ್ ಬಾಕಿ ಇದೆ ನೇನಿ, ಮುಂದಿನ ವರ್ಷ ನೋಡ್ತೀನಿ" ಅಂದೆ. ಮುಂದಿನ ವರ್ಷ ನೀನು ಇಲ್ಲಿರಲಿಲ್ಲ.

ಅದು ಸಾಲದಿದ್ದರೆ ಹುಳಿ ಚೆರ್ರಿ ಇದೆ. ಹಿತ್ತಲ ಮರ ಈ ಸಲ ಎಲೆ ಕಾಣದಷ್ಟು ಹೂ ಹೊತ್ತಿದೆ. ಅಕ್ಟೋಬರಿನಲ್ಲಿ ಬಂದರೆ ಏನಿರುತ್ತದೆ? ಕೆಸರು, ಮಂಜು. ಸಾಲದ್ದಕ್ಕೆ ನನ್ನ ಮನೆಯ ಚಾವಣಿ ಸೋರುತ್ತಿದೆ, ಅಕ್ಟೋಬರಿನಲ್ಲಿ ಹೆಂಚು ತೆಗೆಸಿ ರಿಪೇರಿ ಮಾಡಿಸಬೇಕು. ನಿನ್ನನ್ನು ಎಲ್ಲಿ ಮಲಗಿಸಲಿ?

ನನ್ನ ಆರೋಗ್ಯ ವಿಚಾರಿಸಿದ್ದೀಯ. ಹೋದ ತಿಂಗಳು ಫೋನಿನ ಪರದೆಯಲ್ಲಿ ಕಂಡಾಗ ಸೊರಗಿದ ಹಾಗಿದ್ದೆ ಅಂತ. ದಿನಾ ನದಿ ದಂಡೆಯಲ್ಲಿ ನಡೆಯುತ್ತೇನೆ, ಹಾಗಾಗಿ ಮೈ ಕರಗಿದೆ. ನಾಯಿ ಚೆನ್ನಾಗಿದೆ. ಯುಟ್ಸಿ ನೇನಿಯೂ ಚೆನ್ನಾಗಿದ್ದಾಳೆ. ಮಂಡಿ ಹೋಗಿದೆ, ನಾಲಿಗೆ ಹೋಗಿಲ್ಲ. ಮೀನಿನ ಸಾರು ಈಗಲೂ ಅಷ್ಟು ಕೆಂಪಗೆ ಮಾಡುತ್ತೀರಾ ಎಂದು ಕೇಳಿದ್ದೀ. ಮಾಡುವುದಿಲ್ಲ. ಒಬ್ಬಳಿಗೋಸ್ಕರ ಅಷ್ಟು ದೊಡ್ಡ ಪಾತ್ರೆ ಯಾರು ಇಡುತ್ತಾರೆ?

ಯಾನ್, ನಿಮ್ಮೆಲ್ಲರನ್ನೂ ನೆನೆಸಿಕೊಳ್ಳುವುದೇ ಈಗ ನನ್ನ ಕೆಲಸವಾಗಿದೆ. ಚೀನಾದಿಂದ ಎಷ್ಟು ಜನ ಕಲಿಯಲು ಬಂದು ಹೋದಿರಿ! ಚೆಂಗ್ಡುವಿನವರು, ವುಹಾನಿನವರು, ನಿಮ್ಮ ಲಾಂಜೌನವರು. ಎಲ್ಲರ ಕೈಯಲ್ಲೂ ಒಂದೊಂದು ಫ್ಲಾಸ್ಕ್, ಅದರ ತುಂಬ ಬರೀ ಬಿಸಿನೀರು. ಚಹಾ ಅಲ್ಲ, ಕಾಫಿ ಅಲ್ಲ, ಬಿಸಿನೀರು! ತಲೆನೋವಿಗೂ ಅದೇ, ಮನೆ ನೆನಪಾದರೂ ಅದೇ. "ನೀವು ವೈದ್ಯರೋ, ಇಲ್ಲ ಬಾಯ್ಲರ್ ನೋಡಿಕೊಳ್ಳುವವರೋ?" ಎಂದು ನಾನು ರೇಗಿಸುತ್ತಿದ್ದೆ. ನಿನ್ನ ಜೊತೆ ಬಂದಿದ್ದ ಡಾಕ್ಟರ್ ಹೌ ಒಂದು ದಿನ ನನ್ನ ತಣ್ಣನೆಯ ಸೋಡಾ ಲೋಟವನ್ನು ಕನಿಕರದಿಂದ ನೋಡಿ, "ಮೇಡಂ, ಒಂದಿನ ನೀವೂ ಇದಕ್ಕೇ ಬರ್ತೀರಿ, ಬರೆದಿಟ್ಕೊಳ್ಳಿ" ಅಂದಿದ್ದ. ನಾವೆಲ್ಲ ನಕ್ಕಿದ್ದೆವು.

ನಿನ್ನನ್ನು ನಾನು ಮೆಚ್ಚಿದ್ದು ಒಂದು ಸ್ಲೈಡಿನಿಂದ, ನೆನಪಿದೆಯಾ? ಆಗಿನ್ನೂ ನೀನು ಬಂದ ಹೊಸತು. ನಮ್ಮಲ್ಲಿ ಪದ್ಧತಿ ಏನೆಂದರೆ, ಸ್ಲೈಡಿನ ಮೇಲಿನ ಹೆಸರಿಗೆ ಯುಟ್ಸಿ ನೇನಿ ಅಂಟುಪಟ್ಟಿ ಹಚ್ಚಿ ಕೊಡುವುದು. ರೋಗಿ ಯಾರೆಂದು ಯಾರಿಗೂ ಗೊತ್ತಿಲ್ಲ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ನೋಡಿ, ಕಂಡದ್ದನ್ನು ಚೀಟಿಯಲ್ಲಿ ಬರೆದು ಮಡಿಚಿಡಬೇಕು. ಆಮೇಲೆ ಚೀಟಿ ಬಿಚ್ಚುವುದು, ಕೊನೆಗೆ ಪಟ್ಟಿ ಬಿಡಿಸುವುದು. ಆ ಜಠರದ ಚೂರನ್ನು ನಾವೆಲ್ಲ ಬರೀ ಉರಿಯೂತ ಎಂದು ಬರೆದಿದ್ದೆವು. ನಿನ್ನ ಚೀಟಿಯಲ್ಲಿ ಮಾತ್ರ "ಉಂಗುರ" ಎಂದಿತ್ತು. ತಿರುಳು ಒಂದು ಬದಿಗೆ ಸರಿದು ಮುದ್ರೆಯುಂಗುರದ ಹಾಗೆ ಕಾಣುವ ಆ ಕ್ಯಾನ್ಸರ್ ಕೋಶಗಳು. ಹೊಟ್ಟೆಯಲ್ಲಿ ಅವು ಕಂಡರೆ ಆ ರೋಗಿಯ ಮುಂದಿನ ವರ್ಷದ ಬಗ್ಗೆ ನಾವು ಮಾತಾಡುತ್ತಿರಲಿಲ್ಲ.

ನಾನು ಒಪ್ಪಲಿಲ್ಲ. ಎರಡು ತಲೆಯ ಸೂಕ್ಷ್ಮದರ್ಶಕದ ಒಂದು ಕಡೆ ನಾನು, ಇನ್ನೊಂದು ಕಡೆ ನೀನು ಕೂತೆವು. ಒಳಗಿನ ತೋರುಬಾಣ ನನ್ನ ಕೈಯಲ್ಲಿತ್ತು. "ಎಲ್ಲಮ್ಮಾ ನಿನ್ನ ಉಂಗುರ? ಇದು ಖಾರ ಜಾಸ್ತಿ ತಿಂದ ಹಂಗೇರಿಯ ಹೊಟ್ಟೆ ಅಷ್ಟೇ" ಎಂದೆ. ನೀನು ಮೆತ್ತಗೆ, "ಮೇಡಂ, ಬಾಣ ಇನ್ನೊಂಚೂರು ಎಡಕ್ಕೆ... ಇನ್ನೊಂಚೂರು... ಅಲ್ಲಿ" ಅಂದೆ. ಅಲ್ಲಿ ಎರಡೇ ಎರಡು ಉಂಗುರ ಕೂತಿದ್ದವು. ಆವತ್ತಿನಿಂದ ಎದುರಿನ ಕುರ್ಚಿ ನಿನ್ನದಾಯಿತು. ನಿವೃತ್ತಿಯಾದ ಮೇಲೆ ಆ ಯಂತ್ರವನ್ನು ನನಗೇ ಕೊಟ್ಟುಬಿಟ್ಟರು, ಈಗ ಅದು ಊಟದ ಕೋಣೆಯ ಕಿಟಕಿ ಹತ್ತಿರ ಇದೆ. ಏನಾದರೂ ನೋಡುತ್ತಾ ಕೂತಾಗ, "ಯಾನ್, ಇಲ್ಲಿ ನೋಡು" ಎಂದು ಬಾಯಿ ತಪ್ಪಿ ಹೇಳುತ್ತೇನೆ. ನಾಯಿ ತಲೆ ಎತ್ತುತ್ತದೆ. ನೀನು ಇಲ್ಲದ್ದು ಆಗ ಎದೆಗೆ ನಾಟುತ್ತದೆ.

ನಿನ್ನ ತಂದೆಯ ವಿಷಯ ನಾವಿಬ್ಬರೂ ಪತ್ರದಲ್ಲಿ ಎಂದೂ ಬರೆದಿಲ್ಲ. ಇವತ್ತು ಬರೆಯಬೇಕು ಅನಿಸಿದೆ.

ಆ ಚಳಿಗಾಲ ಪ್ರತಿ ಭಾನುವಾರ ನೀನು ಊರಿಗೆ ಫೋನ್ ಮಾಡುತ್ತಿದ್ದೆ. ಅಮ್ಮ ಹೇಳುವ ಪ್ರಕಾರ ಅಪ್ಪ ಒಂದು ವಾರ ಮಲಗಿರುತ್ತಿದ್ದರು, ಇನ್ನೊಂದು ವಾರ ಊರ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿರುತ್ತಿದ್ದರು, ಮತ್ತೊಂದು ವಾರ ಚದುರಂಗ ಆಡಲು ಪಾರ್ಕಿನಲ್ಲಿರುತ್ತಿದ್ದರು. ಒಂದು ಮಧ್ಯಾಹ್ನ ಹೌ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. "ಯಾನ್ ಅಪ್ಪ ತೀರ್ಕೊಂಡು ಎರಡು ತಿಂಗಳಾಯ್ತು ಮೇಡಂ. ಲಾಂಜೌನಲ್ಲಿ, ನಮ್ಮ ಆಸ್ಪತ್ರೇಲೇ. ಅವಳ ಅಮ್ಮ ಕೈ ಮುಗಿದು ಕೇಳ್ಕೊಂಡಿದ್ದಾರೆ, ಓದು ಮುಗಿಯೋವರೆಗೂ ಹೇಳಬೇಡಿ ಅಂತ. ನೀವೂ ಹೇಳಬೇಡಿ. ನಮ್ಮ ಕಡೆ ಹೀಗೇ."

ನನಗೆ ಮೈಯೆಲ್ಲ ಉರಿಯಿತು. "ಇದು ಸುಳ್ಳಲ್ಲವಾ? ಸತ್ಯ ಹುಡುಕೋದೇ ಕಸುಬು ಮಾಡಿಕೊಂಡವರು ನಾವು" ಎಂದೆ. ಹೌ ಕೋಪಿಸಿಕೊಳ್ಳಲಿಲ್ಲ. "ಸುಳ್ಳು ಅಂತ ಯಾಕೆ ಅಂತೀರಿ? ಅವಳ ಭಾರ ಸ್ವಲ್ಪ ದಿನ ನಾವು ಹೊತ್ಕೊಂಡಿದ್ದೀವಿ ಅಷ್ಟೇ" ಅಂದ.

ಮರುದಿನ ನಾನು ನಿನಗೆ ಹೇಳಿದೆ. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ನೀನು ತಟ್ಟೆಯಲ್ಲಿ ಉಳಿದ ಸ್ಲೈಡುಗಳನ್ನೆಲ್ಲ ನೋಡಿ ಮುಗಿಸಿದೆ, ಚೀಟಿಗಳನ್ನು ಮಡಿಚಿಟ್ಟೆ. ಆಮೇಲೆ ನನ್ನ ಮೇಲೆ ಹರಿಹಾಯ್ದೆ. "ಎರಡು ತಿಂಗಳು ಅಮ್ಮ ಒಬ್ಬಳೇ ನಾಟಕ ಆಡಿದಾಳೆ. ಗಂಡನ್ನ ಕಳ್ಕೊಂಡು, ಫೋನಲ್ಲಿ ನಗ್ತಾ ಮಾತಾಡಿದಾಳೆ. ಅಷ್ಟೂ ಕಷ್ಟ ನೀವು ಒಂದು ಮಾತಲ್ಲಿ ನೀರಿಗೆ ಹಾಕಿದ್ರಿ!" ಆಮೇಲೆ ನೀನೇ ಹೇಳಿದಂತೆ, ಮುಂದಿನ ಭಾನುವಾರ ನೀನು ಎಂದಿನಂತೆ ಫೋನ್ ಮಾಡಿ, ಅಪ್ಪ ಮಲಗಿದ್ದಾರಾ ಎಂದು ಕೇಳಿದೆ. ಹೂಂ, ಮಲಗಿದ್ದಾರೆ ಎಂದರು ಅಮ್ಮ. ಬೆಚ್ಚಗೆ ಹೊದಿಸಮ್ಮ ಅಂದೆ. ಊರಿಗೆ ಹೋಗುವವರೆಗೂ ನೀವಿಬ್ಬರೂ ಹಾಗೇ ಮಾತಾಡಿದಿರಿ. ಆ ಫೋನು ಇದ್ದದ್ದು ನನ್ನ ಮೇಜಿನ ಪಕ್ಕ. ನಾನು ಪ್ರತಿ ಸಲವೂ ಎದ್ದು ಹೊರಗೆ ಹೋಗುತ್ತಿದ್ದೆ, ನಿಲ್ಲಲಾಗುತ್ತಿರಲಿಲ್ಲ.

ಹೊರಡುವ ದಿನ ರೈಲ್ವೆ ನಿಲ್ದಾಣದಲ್ಲಿ ಯುಟ್ಸಿ ನೇನಿ ನಿನ್ನ ಚೀಲಕ್ಕೆ ಸೂರ್ಯಕಾಂತಿ ಬೀಜ ತುಂಬುತ್ತಿದ್ದಳು. ನೀನು ನನ್ನ ಕೋಟಿನ ತೋಳು ಹಿಡಿದು, "ಮೇಡಂ, ಅಮ್ಮನ ಜೊತೆ ಆ ನಾಟಕ ಆಡ್ದೆ. ನಿಮ್ಮ ಜೊತೆ ಆಡೋಕಾಗಲ್ಲ ನನಗೆ. ನಿಮಗೇನಾದ್ರೂ ಆದ್ರೆ ನೀವೇ ಹೇಳಬೇಕು. ಮಾತು ಕೊಡಿ" ಅಂದೆ. ನಾನು, "ಆಯ್ತು, ಆಯ್ತು, ರೈಲು ಹೊರಡುತ್ತೆ, ಹತ್ತು" ಎಂದೆ. ಮಾತು ಕೊಟ್ಟ ಹಾಗೆಯೇ ಅಲ್ಲವೇ ಅದು?

ಈಚೆಗೆ ಹೌ ಹೇಳಿದ್ದನ್ನು ಬಹಳ ಯೋಚಿಸುತ್ತೇನೆ. ಅವನದು ಪೂರ್ತಿ ತಪ್ಪಾಗಿರಲಿಲ್ಲ. ಇನ್ನೊಬ್ಬರ ನಿದ್ದೆ ಕೆಡಿಸುವ ಮುಂಚೆ ಯಾರಿಗೇ ಆಗಲಿ ಕೈ ತಡೆಯುತ್ತದೆ. ವಯಸ್ಸಾಗುತ್ತಾ ನಾನೂ ಸ್ವಲ್ಪ ನಿಮ್ಮ ಕಡೆಯವಳಾಗಿದ್ದೇನೆ.

ಇರಲಿ. ಒಂದು ಸಣ್ಣ ಕೆಲಸ ಹೇಳುತ್ತೇನೆ, ಇಲ್ಲ ಅನ್ನಬೇಡ. ಪತ್ರದ ಜೊತೆ ಒಂದು ಪುಟ್ಟ ಡಬ್ಬಿ ಇದೆ. ಅದರಲ್ಲಿ ಒಂದೇ ಒಂದು ಸ್ಲೈಡ್, ಜಠರದ ಚೂರು. ಯುಟ್ಸಿ ನೇನಿ ಹೆಸರಿಗೆ ಅಂಟುಪಟ್ಟಿ ಹಚ್ಚಿದ್ದಾಳೆ, ವಕ್ರವಾಗಿದ್ದರೆ ಕ್ಷಮಿಸು. ನಾನು ನೋಡಿ ನನ್ನ ಚೀಟಿ ಬರೆದಿಟ್ಟಿದ್ದೇನೆ. ನನ್ನ ಕಣ್ಣಿನ ಮೇಲೆ ನನಗೆ ಮೊದಲಿನ ನಂಬಿಕೆಯಿಲ್ಲ, ಈ ಸಲ ಅವು ತಪ್ಪಾಗಿರಲಿ ಎಂಬ ಆಸೆಯೂ ಇದೆ. ನೀನು ನೋಡಿ, ಹಳೆಯ ಪದ್ಧತಿಯಂತೆ ಚೀಟಿ ಬರೆದು ಮಡಿಚು. ಅಲ್ಲಿಯವರೆಗೆ ಈ ಹಾಳೆಯ ಹಿಂಬದಿ ತಿರುಗಿಸಬೇಡ. ನಿನ್ನ ಶಿಸ್ತು ನನಗೆ ಗೊತ್ತು.

ನಿನ್ನ ಮಗಳಿಗೆ ನನ್ನ ಮುತ್ತು. ಅಮ್ಮನಿಗೆ ನಮಸ್ಕಾರ ಹೇಳು. ನಾನು ಅವರನ್ನು ಎಷ್ಟು ಗೌರವಿಸುತ್ತೇನೆಂದು ಹೇಗೆ ಹೇಳುತ್ತೀಯೋ ನೀನೇ ನೋಡಿಕೋ.

ಎದುರಿನ ಕುರ್ಚಿಯನ್ನು ಯಾರಿಗೂ ಕೊಡದೆ ಕಾದಿಟ್ಟಿರುವ,
ನಿನ್ನ
ವಾರ್ಗಾ ಎತೆಲ್ಕಾ

(ಹಾಳೆಯ ಹಿಂಬದಿಯಲ್ಲಿ)
ಮರೆತ ಮಾತು: ಚೀಟಿ ಬರೆದಾಯಿತಾ? ಉಂಗುರಗಳು ಕಂಡಿರಬೇಕು. ಈ ಸಲ ಬಾಣವನ್ನು ಎಡಕ್ಕೆ ಸರಿಸುವ ಕಷ್ಟವಿಲ್ಲ, ಎಲ್ಲಿ ನೋಡಿದರೂ ಇವೆ. ಈಗ ಪಟ್ಟಿ ಬಿಡಿಸು. ಕೆಳಗಿನ ಹೆಸರು ನಿನಗೆ ಗೊತ್ತಿರುವುದೇ. ನಿಲ್ದಾಣದಲ್ಲಿ ಕೊಟ್ಟ ಮಾತನ್ನು ಬಾಯಲ್ಲಿ ಹೇಳಿ ಉಳಿಸಿಕೊಳ್ಳಲು ಆಗಲಿಲ್ಲ, ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ನದಿ ದಂಡೆಯ ನಡಿಗೆಯ ಸುಳ್ಳು ಬಂತು. ಹಾಗಾಗಿ ನಮ್ಮಿಬ್ಬರ ಭಾಷೆಯಲ್ಲೇ ಹೇಳಿದ್ದೇನೆ. ಚಾವಣಿ ಸೋರುತ್ತಿಲ್ಲ. ಜೂನ್‌ನಲ್ಲಿ ಬಾ. ಬರುವಾಗ ಆ ಒಳ್ಳೆಯ ಚಹಾ ತರಬೇಡ, ನಿನ್ನ ಫ್ಲಾಸ್ಕ್ ತಾ. ಹೌಗೆ ಹೇಳು, ಅವನು ಗೆದ್ದ. ನನ್ನ ಹೊಟ್ಟೆಯಲ್ಲಿ ಈಗ ನಿಲ್ಲುವುದು ಬಿಸಿನೀರೊಂದೇ.