ಗೆರೆಯ ಈಚೆಗೇ ನಿಲ್ಲಿ

ಸೋಮವಾರ, ಫೆಬ್ರವರಿ ೫. ಮಧ್ಯಾಹ್ನ ೩

ಏರ್‌ಪೋರ್ಟ್ ಟವರ್‌ನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದೆ. ಗಂಟಲು ಒಣಗಿ ಕಟ್ಟಿಗೆ. ಅರವತ್ತೊಂದು ವಿಮಾನ. ಹಾರಿಸುವುದು, ಇಳಿಸುವುದು ಪಕ್ಕದ ಕುರ್ಚಿಯವನ, ನಾನು ‘ಮೀಸೆ’ ಎನ್ನುವವನ ಕೆಲಸ. ನೆಲದ ಮೇಲೆ ರನ್‌ವೇ ಅಂಚಿನ ಗೆರೆ ತನಕ ನಡೆಸುವುದು ನನ್ನದು.

ಈ ಪೈಲಟ್‌ಗಳಿಗೆ ಬಾಯಿ ಸವೆಯುತ್ತದೇನೋ! ಹೇಳಿದ್ದನ್ನು ಪೂರ್ತಿ ತಿರುಗಿ ಹೇಳಬೇಕು. ನಿಯಮ. ‘ಗೆರೆಯ ಈಚೆಗೆ ನಿಲ್ಲಿ’ ಎಂದರೆ ‘ನಿಲ್ಲುತ್ತೇನೆ’ ಎಂಬ ಮಾತು ನನ್ನ ಕಿವಿಗೆ ಬೀಳಬೇಕು. ಬೀಳದಿದ್ದರೆ ಮತ್ತೆ ಕೇಳಬೇಕು. ಇವರದು ಬರೀ ‘ರೋಜರ್’, ಕೇಳಿಸಿತು ಎಂದಷ್ಟೇ. ಇವತ್ತು ಮೂವರಿಗೆ ಬಿಸಿ ಮುಟ್ಟಿಸಿದೆ. ಮೀಸೆ ನಕ್ಕ — “ನೀವು ಟೀಚರ್ ಆಗ್ಬೇಕಿತ್ತು ಅಕ್ಕ. ಮಗ್ಗಿ ಒಪ್ಪಿಸೋ ತನಕ ಬಿಡಲ್ಲ.”

ಬುಧವಾರ, ೭. ಸಂಜೆ ೬

ಪೆನ್ನು ಒತ್ತಿ ಒತ್ತಿ ಹಾಳೆ ತೂತಾಗುತ್ತಿದೆ. ಹೆದರಿಕೆಗಲ್ಲ, ಸಿಟ್ಟಿಗೆ.

ಬೆಳಿಗ್ಗೆ ೮.೫೨. ನಲವತ್ತು ಜನರಿದ್ದ ಚಿಕ್ಕ ವಿಮಾನ. ಗೆರೆಯ ಈಚೆಗೆ ನಿಲ್ಲಿ ಎಂದೆ. ನಿಲ್ಲಲಿಲ್ಲ. ಗೆರೆ ದಾಟಿ ಸೀದಾ ರನ್‌ವೇಗೆ ಮೂತಿ ಚಾಚಿದ. ಅದೇ ರನ್‌ವೇಗೆ ದೊಡ್ಡದೊಂದು ಇಳಿಯುತ್ತಿತ್ತು, ಒಳಗೆ ನೂರ ಎಪ್ಪತ್ತು ಜನ. ಮೀಸೆ ಕುರ್ಚಿ ಬಿಟ್ಟು ಎದ್ದು ಕೂಗಿದ — “ಗೋ ಅರೌಂಡ್! ಗೋ ಅರೌಂಡ್!” ದೊಡ್ಡದು ಇಳಿಯದೆ ಮೂತಿ ಎತ್ತಿ ಚಿಕ್ಕದರ ನೆತ್ತಿಯ ಮೇಲೇ ಹಾದು ಹೋಯಿತು. ಟವರ್‌ನ ಗಾಜು ಗಡಗಡ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಆಮೇಲೆ ಚಿಕ್ಕ ವಿಮಾನದ ಕ್ಯಾಪ್ಟನ್ ಫೋನಲ್ಲಿ — “ನಿಲ್ಲಿ ಅಂತ ನೀವು ಹೇಳ್ಲೇ ಇಲ್ಲ ಮೇಡಂ.”

“ಹೇಳಿದ್ದೀನಿ. ನೀವು ತಿರುಗಿ ಹೇಳಿದ್ದನ್ನ ಈ ಕಿವಿಯಾರೆ ಕೇಳಿದ್ದೀನಿ.”

“ಸುಳ್ಳು ಹೇಳ್ಬೇಡಿ.”

ಸುಳ್ಳು! ಇಪ್ಪತ್ತೆರಡು ವರ್ಷ ಈ ಮೈಕಿನ ಮುಂದೆ ಕೂತವಳಿಗೆ! “ಟೇಪ್ ಹಾಕ್ಸಿ, ಗೊತ್ತಾಗುತ್ತೆ” ಎಂದು ಫೋನ್ ಕುಕ್ಕಿದೆ. ತನಿಖೆ ಮುಗಿಯುವ ತನಕ ನನಗೂ ಕ್ಯಾಪ್ಟನ್‌ಗೂ ಡ್ಯೂಟಿ ಇಲ್ಲ.

ಶುಕ್ರವಾರ, ೯

ಮನೆಯಲ್ಲಿ. ಟೇಪ್ ಕೇಳಿಸಿ ಎಂದು ಟವರ್‌ನ ಚೀಫ್‌ಗೆ ಎರಡನೇ ಪತ್ರ. ಉತ್ತರವಿಲ್ಲ.

ಇವರ ಮೇಲೆ, ಕಟ್ಟಿಕೊಂಡ ಗಂಡನ ಮೇಲೆ, ಹರಿಹಾಯ್ದೆ. “ನಲ್ಲಿ ನಿಲ್ಸಿ” ಎಂದೆ, “ಹ್ಞೂಂ” ಎಂದರು. ನೀರು ತುಂಬಿ ಸುರಿಯುತ್ತಿತ್ತು. “ಹ್ಞೂಂ ಅಂದ್ರೇನ್ರೀ? ಏನ್ ಹೇಳ್ದೆ ಅಂತ ತಿರುಗಿ ಹೇಳಿ!”

“ನಲ್ಲಿ ನಿಲ್ಲಿಸ್ತೀನಿ, ಮಹಾರಾಯ್ತಿ.”

ನಗು ಬರಬೇಕಿತ್ತು. ಬರಲಿಲ್ಲ.

ಬುಧವಾರ, ೧೪. ಸಂಜೆ

ಟೇಪ್ ಕೇಳಿಸಿದರು.

ಕಿಟಕಿಯಿಲ್ಲದ ಕೋಣೆ. ಚೀಫ್, ಮೀಸೆ, ಕ್ಯಾಪ್ಟನ್, ನಾನು. ಮೊದಲು ನನ್ನ ದನಿ, ಗಾಜಿನಷ್ಟು ಸ್ಪಷ್ಟ — ಗೆರೆಯ ಈಚೆಗೆ ನಿಲ್ಲಿ. ಕ್ಯಾಪ್ಟನ್ ಮುಖ ಬಿಳಿಚಿಕೊಂಡಿತು. ಹೊಟ್ಟೆ ತಣ್ಣಗಾಯಿತು ನನಗೆ, ಸುಳ್ಳೇಕೆ. ಆಮೇಲೆ ಅವರ ದನಿ. ತಮ್ಮ ವಿಮಾನದ ಹೆಸರು, ರೋಜರ್. ಅಷ್ಟೇ. ‘ನಿಲ್ಲುತ್ತೇನೆ’ ಇಲ್ಲ.

ನಾನು ಕೇಳಿದ್ದೆನಲ್ಲ? ಕಿವಿಯಾರೆ?

ಚೀಫ್ ಕ್ಯಾಪ್ಟನ್‌ರನ್ನು ಹೊರಗೆ ಕಳಿಸಿ ಇನ್ನೊಂದು ಟೇಪ್ ಹಾಕಿದರು. ಟವರ್ ಕೋಣೆಯೊಳಗಿನ ಸದ್ದೆಲ್ಲ ಹಿಡಿಯುವ ಮೈಕಿನದು. ಕ್ಯಾಪ್ಟನ್ ‘ರೋಜರ್’ ಎನ್ನುವಾಗಲೇ ಟೆಲಿಫೋನ್ ಗಂಟೆ. ನನ್ನ ದನಿ — “ಹಲೋ, ಹೇಳಿ ಹೇಳಿ.” ಯಾವ ವಿಮಾನ ಎಲ್ಲಿ ನಿಲ್ಲಿಸಬೇಕು ಎಂದು ಕೆಳಗಿನ ಆಫೀಸಿನವರು ಕೇಳಿದ್ದು. ಬರೆದುಕೊಳ್ಳುವ ಪೆನ್ಸಿಲ್ ಸದ್ದು ಕೂಡ ಇದೆ. ಒಂಬತ್ತು ಸೆಕೆಂಡ್. ಆ ಒಂಬತ್ತು ಸೆಕೆಂಡಿನಲ್ಲಿ ಅವರು ಗೆರೆ ದಾಟಿದ್ದಾರೆ.

ನೆನಪೇ ಇಲ್ಲ ನನಗೆ. ಆಣೆಗೂ ಇಲ್ಲ.

ಮೀಸೆ ತನ್ನ ಶೂ ನೋಡುತ್ತ ಕೂತ. ಚೀಫ್ ಮೆಲ್ಲಗೆ — “ಪೈಲಟ್ ತಿರುಗಿ ಹೇಳಿಲ್ಲ, ಗೆರೆ ದಾಟಿದ. ವರದಿಗೆ ಅಷ್ಟು ಸಾಕು. ಈ ಎರಡನೇದನ್ನ ಹೊಟ್ಟೇಲಿ ಹಾಕ್ಕೊಳ್ಳೋಣ. ಇಷ್ಟು ವರ್ಷದ ಸರ್ವೀಸು ನಿಮ್ದು.”

ಹೊರಗೆ ಮೆಟ್ಟಿಲ ಮೇಲೆ ಕ್ಯಾಪ್ಟನ್ ಕಾಯುತ್ತಿದ್ದರು. ನರೆತ ತಲೆ. ಟೋಪಿ ಕೈಯಲ್ಲಿ. “ಮೇಡಂ, ನೀವು ಹೇಳಿದ್ರಿ. ನನಗೆ ಕೇಳಿಸಿದ್ದು ದಾಟಿ ಅಂತ. ನಿಮ್ಮನ್ನ ಸುಳ್ಳು ಅಂದ್ಬಿಟ್ಟೆ. ತಪ್ಪಾಯ್ತು.”

ತಲೆ ತಗ್ಗಿಸಿದರು. ಎರಡನೇ ಟೇಪಿನ ಮಾತೆತ್ತದೆ ನಾನು ಅವರ ಪಕ್ಕದಿಂದ ಇಳಿದು ಬಂದುಬಿಟ್ಟೆ.

ಗುರುವಾರ, ೧೫

ಯಾರ ಮೇಲೆ ಸಿಟ್ಟು? ಫೋನ್ ಮೇಲೆ. ಆ ‘ರೋಜರ್’ ಮೇಲೆ. ಬಾರದ ಮಾತನ್ನು ಕೇಳಿದೆನೆಂದು ಎಂಟು ದಿನ ಎದೆ ತಟ್ಟಿಕೊಂಡ ಈ ಹೆಂಗಸಿನ ಮೇಲೆ.

ಇವರಿಗೆ ಎಲ್ಲ ಹೇಳಿದೆ. ಕೇಳಿದ್ದು ಒಂದೇ — “ಫೋನ್ ಎತ್ತದೇ ಇದ್ದಿದ್ರೆ?”

“ಅವರು ಅರ್ಧ ಹೇಳಿದ್ದು ಗೊತ್ತಾಗ್ತಿತ್ತು. ತಡೀತಿದ್ದೆ.”

“ಹಾಗಾದ್ರೆ ಅದನ್ನೇ ಬರ್ದು ಕೊಡು.” ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಎಷ್ಟು ಸಲೀಸು ಇವರಿಗೆ! ಲೈಸೆನ್ಸ್ ಹೋಗುವುದು ನನ್ನದು.

ಆದರೆ ಒಂದು ಹೊಳೆಯಿತು. ಆ ಫೋನ್ ಎತ್ತಲೆಂದೇ ಹೋದ ವರ್ಷದ ತನಕ ಮೂರನೇ ಕುರ್ಚಿಯಿತ್ತು. ಅಸಿಸ್ಟೆಂಟ್ ಇದ್ದಳು. ‘ಇಬ್ಬರೇ ಸಾಕು’ ಎಂದು ಅವಳನ್ನು ಆಫೀಸಿಗೆ ಎಳೆದುಕೊಂಡವರು ಚೀಫ್. ಹಾಗೆ ಮಾಡಬೇಡಿ ಎಂದು ನಾನೂ ಮೀಸೆಯೂ ಬರೆದುಕೊಟ್ಟಿದ್ದೆವು. ಎರಡನೇ ಟೇಪ್ ಹೊರಬಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ — ಫೋನ್ ಇವಳೇಕೆ ಎತ್ತಿದಳು?

ಕನಿಕರ ನನ್ನ ಮೇಲಲ್ಲ! ನನ್ನ ಸರ್ವೀಸಿನ ಹೆಸರಲ್ಲಿ ತನ್ನ ಕುರ್ಚಿ ಉಳಿಸಿಕೊಳ್ಳುವ ಉಪಾಯ. ಬೆಲೆ ತೆರಬೇಕಾದವರು ಆ ನರೆತ ತಲೆಯವರು.

ಶುಕ್ರವಾರ, ೧೬. ಮಧ್ಯಾಹ್ನ

ಕೊಟ್ಟೆ. ಎರಡೂವರೆ ಪುಟದ ಹೇಳಿಕೆ. ಫೋನ್, ಪೆನ್ಸಿಲ್, ಒಂಬತ್ತು ಸೆಕೆಂಡ್, ಮೂರನೇ ಕುರ್ಚಿ — ಎಲ್ಲ. ಚೀಫ್ ಓದುತ್ತ ಕೆಂಪಾದರು.

“ತಲೆ ನೆಟ್ಟಗಿದ್ಯಾ ನಿಮ್ಗೆ? ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಳ್ತಿದೀರ.”

“ನನ್ನ ಕಾಲು ಸರ್. ನಿಮ್ಮದಕ್ಕೂ ತಗಲುತ್ತೆ, ಅದಕ್ಕೆ ತಾನೆ ಈ ನೋವು?”

ಮೇಲಿನವರಿಗೂ ಒಂದು ಪ್ರತಿ ಕಳಿಸಿದ್ದೇನೆ ಎಂದೆ. ಕೆಳಗೆ ಮೀಸೆ ಕಾಯುತ್ತಿದ್ದ. “ನಂದೂ ಒಂದು ಸಹಿ ಹಾಕ್ಲಾ ಅಕ್ಕ?” ಎಂದ. ಮೇಲೆ ಹೋಗಿ ಆ ಹೇಳಿಕೆಯ ಕೆಳಗೇ ಹಾಕಿದ.

ಸೋಮವಾರ, ಮಾರ್ಚ್ ೪. ಬೆಳಿಗ್ಗೆ ೧೦

ಶುಕ್ರವಾರ ತೀರ್ಮಾನ ಬಂತು. ನನಗೆ ಆರು ತಿಂಗಳು ಮೈಕ್ ಇಲ್ಲ, ಆಮೇಲೆ ಹೊಸಬರ ಜೊತೆ ಕೂತು ಪರೀಕ್ಷೆ. ಕ್ಯಾಪ್ಟನ್‌ಗೆ ಒಂದು ತಿಂಗಳು ಹಾರಾಟ ಇಲ್ಲ. ಅವರ ಕೆಲಸ ಉಳಿಯಿತು. ಚೀಫ್‌ಗೆ ಬರೀ ‘ಎಚ್ಚರಿಕೆ’! ಒಂದು ಕಾಗದದ ಚೂರು! ಮೂರನೇ ಕುರ್ಚಿ ಮಾತ್ರ ವಾಪಸ್ ಬಂದಿದೆ, ಅಸಿಸ್ಟೆಂಟ್ ನಿನ್ನೆಯಿಂದ ಅಲ್ಲಿ ಕೂರುತ್ತಿದ್ದಾಳಂತೆ. ಅವಳನ್ನು ವಾಪಸ್ ತರುವುದು ಎರಡೇ ದಿನದ ಕೆಲಸ. ಅಷ್ಟಕ್ಕೆ ಇನ್ನೂರ ಹತ್ತು ಜೀವ ಗಾಳಿಯಲ್ಲಿ ತೂಗಬೇಕಾಯಿತು.

ಕ್ಯಾಪ್ಟನ್‌ಗೆ ಪತ್ರ ಬರೆಯಲು ಕೂತೆ. ಐದು ಹಾಳೆ ಹರಿದೆ. ಕಾಗದದಲ್ಲಿ ಎಲ್ಲವೂ ವರದಿಯಂತೆಯೇ ಕಾಣುತ್ತದೆ. ಎದುರಿಗೆ ಹೋಗಿಯೇ ಹೇಳಬೇಕು. ಇವರು ಸ್ಕೂಟರ್ ಹೊರಗೆ ತೆಗೆದು ಹಾರ್ನ್ ಹೊಡೆಯುತ್ತಿದ್ದಾರೆ. ಏನು ಹೇಳುವುದೆಂದು ಇಲ್ಲೊಮ್ಮೆ ಬರೆದು ನೋಡುತ್ತೇನೆ —

ಅವತ್ತು ಮೆಟ್ಟಿಲ ಮೇಲೆ ನೀವು ತಲೆ ತಗ್ಗಿಸಿದಾಗ ನನ್ನ ತಪ್ಪು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಾನು —